ಆರೋಪಿಯ ಖಾಸಗಿ ಬರಹ: ಮನಸ್ಸಿನ ಬಗ್ಗೆ ಅದು ಎಷ್ಟು ಹೇಳೀತು?

ಅಪರಾಧದ ಆರೋಪ ಹೊತ್ತ ವ್ಯಕ್ತಿಯ ದಿನಚರಿ, ಬರೆದೂ ಕಳುಹಿಸದ ಕಾಗದ, ಲೆಕ್ಕದ ಪುಸ್ತಕದ ಅಂಚಿನಲ್ಲಿ ಗೀಚಿದ ಸಾಲು, ಮೊಬೈಲಿನಲ್ಲಿ ತನಗಾಗಿಯೇ ಬರೆದಿಟ್ಟುಕೊಂಡ ಟಿಪ್ಪಣಿ ಇವುಗಳು ನ್ಯಾಯಾಲಯದ ಮುಂದೆ ಎರಡು ವಿರುದ್ಧ ದಾರಿಗಳಿಂದ ಬಂದು ಸೇರುತ್ತವೆ. ಕೃತ್ಯದ ಹಿಂದೆ ಉದ್ದೇಶವಿತ್ತು, ಸಿದ್ಧತೆಯಿತ್ತು, ಹಗೆಯಿತ್ತು ಎಂದು ತೋರಿಸಲು ಪ್ರಾಸಿಕ್ಯೂಷನ್, ಅಂದರೆ ಸರಕಾರದ ಪರವಾಗಿ ಮೊಕದ್ದಮೆ ನಡೆಸುವ ಪಕ್ಷ, ಅವುಗಳನ್ನು ಹಾಜರುಪಡಿಸುತ್ತದೆ; ಕೃತ್ಯದ ಹೊತ್ತಿಗೆ ಆರೋಪಿಯ ಚಿತ್ತ ಸ್ವಸ್ಥವಾಗಿರಲಿಲ್ಲ ಎಂದು ತೋರಿಸಲು ಆರೋಪಿಯ ವಕೀಲರು ಅದೇ ಪುಟಗಳನ್ನು ತೆರೆಯುತ್ತಾರೆ. ಕುಂದಾಪುರ ತಾಲೂಕಿನಲ್ಲಿ ವಾರಾಹಿ ನದಿಯ ದಂಡೆಗಿರುವ ಗುಲ್ವಾಡಿಯಂಥ ಊರಿನಲ್ಲಿ ಮಗನೊಬ್ಬನ ಮೇಲೆ ಪ್ರಕರಣ ದಾಖಲಾದಾಗ ಮನೆಯವರ ಕೈಗೆ ಮೊದಲು ಸಿಗುವ ಸಾಕ್ಷ್ಯವೂ ಹೆಚ್ಚಿನ ವೇಳೆ ಅವನ ಪೆಟ್ಟಿಗೆಯೊಳಗಿನ ನೋಟುಪುಸ್ತಕವೇ ಆಗಿರುತ್ತದೆ. ಹೆದರಿಕೆಯಿಂದ ಅದನ್ನು ಒಲೆಗೆ ಹಾಕುವ ಮನೆಯವರು ತಮಗೂ ಅವನಿಗೂ ಒಟ್ಟಿಗೇ ಕೇಡು ತಂದುಕೊಳ್ಳುತ್ತಾರೆ. ಏಕೆಂದರೆ ಸಾಕ್ಷ್ಯವನ್ನು ಮರೆಮಾಡುವುದು ಭಾರತೀಯ ನ್ಯಾಯ ಸಂಹಿತೆಯ 238ನೆಯ ಕಲಮಿನಡಿ, ಸಾಕ್ಷ್ಯವಾಗಬಹುದಾದ ದಾಖಲೆಯನ್ನು ನಾಶಮಾಡುವುದು 241ನೆಯ ಕಲಮಿನಡಿ ಸ್ವತಂತ್ರ ಅಪರಾಧಗಳಾಗಿವೆ, ಮತ್ತು ಸುಟ್ಟುಹೋದ ಪುಟಗಳಲ್ಲಿ ಅವನ ಕಾಯಿಲೆಗೆ ಇದ್ದ ಒಂದೇ ಪುರಾವೆಯೂ ಇದ್ದಿರಬಹುದು.

ಈ ಕುರಿತ ಕಾನೂನು ಇಂದು ಮುಖ್ಯವಾಗಿ ಮೂರು ಸಂಹಿತೆಗಳಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅಪರಾಧಗಳನ್ನು ಹೇಳಿದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ತನಿಖೆ ಮತ್ತು ವಿಚಾರಣೆಯ ಕ್ರಮವನ್ನೂ, ಭಾರತೀಯ ಸಾಕ್ಷ್ಯ ಅಧಿನಿಯಮ ಸಾಕ್ಷ್ಯದ ನಿಯಮಗಳನ್ನೂ ಹೇಳುತ್ತವೆ. ಆ ದಿನಕ್ಕಿಂತ ಹಿಂದಿನ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಆದರೆ ಇಲ್ಲಿ ಚರ್ಚಿಸುವ ನಿಯಮಗಳ ಸಂಖ್ಯೆ ಬದಲಾಗಿದೆಯೇ ಹೊರತು ತಿರುಳು ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಸಾಕ್ಷ್ಯ ಅಧಿನಿಯಮದ 12ನೆಯ ಕಲಂ, ಅಂದರೆ ಹಳೆಯ ಕಾಯಿದೆಯ 14ನೆಯದು, ಉದ್ದೇಶ, ಅರಿವು, ದ್ವೇಷ, ಸದ್ಭಾವ ಮುಂತಾದ ಮನಃಸ್ಥಿತಿಗಳನ್ನು ತೋರಿಸುವ ಸಂಗತಿಗಳು ಪ್ರಸ್ತುತವೆಂದು ಹೇಳುತ್ತದೆ. ಖಾಸಗಿ ಬರಹಕ್ಕೆ ನ್ಯಾಯಾಲಯದ ಬಾಗಿಲು ತೆರೆಯುವುದು ಹೆಚ್ಚಾಗಿ ಈ ಕಲಮಿನ ಮೂಲಕ. ಆದರೆ ಅದೇ ಕಲಮಿನ ವಿವರಣೆಯಲ್ಲಿ ಒಂದು ಬಲವಾದ ಕಟ್ಟುಪಾಡಿದೆ: ಆ ಮನಃಸ್ಥಿತಿ ಸಾಮಾನ್ಯವಾಗಿ ಇತ್ತೆಂದು ತೋರಿಸಿದರೆ ಸಾಲದು, ವಿಚಾರಣೆಯಲ್ಲಿರುವ ನಿರ್ದಿಷ್ಟ ವಿಷಯಕ್ಕೆ ಸಂಬಂಧಿಸಿದಂತೆಯೇ ಇತ್ತೆಂದು ತೋರಬೇಕು. ಕಾನೂನೇ ಕೊಡುವ ಉದಾಹರಣೆಯಲ್ಲಿ, ಒಬ್ಬನನ್ನು ಗುಂಡಿಕ್ಕಿ ಕೊಂದ ಆರೋಪವಿರುವಾಗ ಆರೋಪಿ ಹಿಂದೆ ಅದೇ ವ್ಯಕ್ತಿಯ ಮೇಲೆ ಗುಂಡು ಹಾರಿಸಿದ್ದನೆಂಬುದು ಪ್ರಸ್ತುತ. ಜನರ ಮೇಲೆ ಗುಂಡು ಹಾರಿಸುವ ಚಾಳಿ ಅವನಿಗಿತ್ತೆಂಬುದು ಅಪ್ರಸ್ತುತ. ಈ ಅಳತೆಗೋಲನ್ನು ನೋಟುಪುಸ್ತಕಕ್ಕೆ ಅನ್ವಯಿಸಿದರೆ, ಲೋಕದ ಮೇಲಿನ ಸಿಟ್ಟು, ರಕ್ತಪಾತದ ಕಲ್ಪನೆ, ಕ್ರೂರ ಚಿತ್ರಗಳು ಎಷ್ಟೇ ಪುಟ ತುಂಬಿದ್ದರೂ ಅವು ಸತ್ತ ವ್ಯಕ್ತಿಯನ್ನೂ ನಡೆದ ಕೃತ್ಯವನ್ನೂ ಮುಟ್ಟದೆ ಇದ್ದರೆ ಆರೋಪವನ್ನು ಹೊರಲಾರವು. ಟಿ.ವಿ. ಚರ್ಚೆಗಳಲ್ಲಿ ಆರೋಪಿಯ ದಿನಚರಿಯಿಂದ ಒಂದು ಸಾಲನ್ನು ಕಿತ್ತು ದೊಡ್ಡ ಅಕ್ಷರದಲ್ಲಿ ತೋರಿಸುವ ರೂಢಿ ಈ ಕಟ್ಟುಪಾಡನ್ನು ಪೂರ್ತಿಯಾಗಿ ಗಾಳಿಗೆ ತೂರುತ್ತದೆ.

ಕಲ್ಪನೆಯ ಬರಹವನ್ನು ತಪ್ಪೊಪ್ಪಿಗೆಯಂತೆ ಓದುವ ಅಪಾಯ ಗುಲ್ವಾಡಿಯವರಿಗೆ ಬೇಗನೆ ಮನವರಿಕೆಯಾಗಬೇಕು. ಈ ಊರಿನ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. 1899ರಲ್ಲಿ ಪ್ರಕಟವಾದ ಅವರ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಸಲ್ಪಟ್ಟಿದೆ. ಧರ್ಮದ ಮುಸುಕಿನಲ್ಲಿ ನಡೆಯುವ ವಂಚನೆಯನ್ನೂ ಲಂಪಟತನವನ್ನೂ ಅವರು ಪಾತ್ರಗಳ ಮೂಲಕ ಒಳಗಿನಿಂದ ಬರೆದರು. ಪಾತ್ರದ ಮನಸ್ಸು ಬರೆದವನ ಮನಸ್ಸಲ್ಲ ಎಂಬುದನ್ನು ಪ್ರಕಟಿತ ಕಾದಂಬರಿಯ ವಿಷಯದಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಇಪ್ಪತ್ತರ ಹರೆಯದ ಹುಡುಗನ ಅಪ್ರಕಟಿತ ಕತೆಗೂ ಅದೇ ರಕ್ಷಣೆ ಸಲ್ಲಬೇಕು.

ಇನ್ನು ತನಗೆ ತಾನೇ ಬರೆದುಕೊಂಡದ್ದು ತಪ್ಪೊಪ್ಪಿಗೆಯಾಗುವುದೇ ಎಂಬ ಪ್ರಶ್ನೆ. ಸಾಹೂ ವಿರುದ್ಧ ಉತ್ತರ ಪ್ರದೇಶ ಸರಕಾರ ಎಂಬ ಪ್ರಕರಣದಲ್ಲಿ ಸೊಸೆಯ ಕೊಲೆಯ ಆರೋಪಿ ತನ್ನಷ್ಟಕ್ಕೆ ಗೊಣಗಿಕೊಂಡ ಮಾತನ್ನು ಸರ್ವೋಚ್ಚ ನ್ಯಾಯಾಲಯ ಪರಿಗಣಿಸಿತು. ತಪ್ಪೊಪ್ಪಿಗೆ ಎನಿಸಿಕೊಳ್ಳಲು ಅದನ್ನು ಇನ್ನೊಬ್ಬರಿಗೆ ತಿಳಿಸಿರಲೇಬೇಕೆಂದಿಲ್ಲ, ಆದರೆ ಅಂಥ ಸ್ವಗತ ದುರ್ಬಲ ಸಾಕ್ಷ್ಯವಾದ್ದರಿಂದ ಅದಕ್ಕೆ ಬೇರೆ ಪುರಾವೆಗಳ ಬೆಂಬಲ ಬೇಕು ಎಂಬುದು ಅಲ್ಲಿಯ ತೀರ್ಮಾನ. ದಿನಚರಿಯ ಸಾಲಿಗೂ ಇದೇ ತರ್ಕ ಹೊಂದುತ್ತದೆ. ಠಾಣೆಯಲ್ಲಿ ಕುಳಿತು ಪೊಲೀಸ್ ಅಧಿಕಾರಿಗೆ ಬರೆದುಕೊಟ್ಟ ತಪ್ಪೊಪ್ಪಿಗೆಯ ಮಾತು ಬೇರೆ. ಅದನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವುದಕ್ಕೆ ಅಧಿನಿಯಮದ 23ನೆಯ ಕಲಂ ಅವಕಾಶ ಕೊಡುವುದಿಲ್ಲ.

ಬರಹವನ್ನು ಇಡಿಯಾಗಿ ಓದಬೇಕೆಂಬ ಹಕ್ಕು ಆರೋಪಿಯ ಕೈಯಲ್ಲಿರುವ ಬಹುದೊಡ್ಡ ಆಯುಧ. ಒಂದು ಹೇಳಿಕೆ ದೊಡ್ಡ ಪುಸ್ತಕದ ಅಥವಾ ಪತ್ರಮಾಲೆಯ ಭಾಗವಾಗಿದ್ದರೆ, ಅದರ ಅರ್ಥವೂ ಪರಿಣಾಮವೂ ಪೂರ್ಣವಾಗಿ ತಿಳಿಯಲು ಎಷ್ಟು ಭಾಗ ಅಗತ್ಯವೆಂದು ನ್ಯಾಯಾಲಯಕ್ಕೆ ತೋರುತ್ತದೋ ಅಷ್ಟನ್ನು ಸಾಕ್ಷ್ಯದಲ್ಲಿ ತರಬೇಕೆಂದು ಸಾಕ್ಷ್ಯ ಅಧಿನಿಯಮದ 33ನೆಯ ಕಲಂ ಹೇಳುತ್ತದೆ. ಕೃತ್ಯಕ್ಕೆ ಮೂರು ತಿಂಗಳ ಮೊದಲು ಬರೆದ ಬೆದರಿಕೆಯ ಸಾಲಿನ ನಂತರದ ಪುಟದಲ್ಲಿ ಪಶ್ಚಾತ್ತಾಪವಿದ್ದರೆ ಎರಡನ್ನೂ ಒಟ್ಟಿಗೆ ಓದಬೇಕಾಗುತ್ತದೆ. ಆರೋಪಪಟ್ಟಿಯೊಂದಿಗೆ ಸಲ್ಲಿಸಿದ ದಾಖಲೆಗಳ ಪ್ರತಿಗಳನ್ನು ಆರೋಪಿ ಹಾಜರಾದ 14 ದಿನಗಳೊಳಗೆ ಉಚಿತವಾಗಿ ಕೊಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 230ನೆಯ ಕಲಂ ವಿಧಿಸುತ್ತದೆ. ತನಿಖಾಧಿಕಾರಿ ವಶಪಡಿಸಿಕೊಂಡೂ ಅವಲಂಬಿಸದ ದಾಖಲೆಗಳ ಪಟ್ಟಿಯನ್ನೂ ಆರೋಪಿಗೆ ಒದಗಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲಿನಲ್ಲಿ ನಿರ್ದೇಶಿಸಿದೆ. ದಿನಚರಿಯ ನಾಲ್ಕು ಪುಟಗಳಷ್ಟೇ ಕಡತ ಸೇರಿದ್ದರೆ ಉಳಿದವನ್ನು ಕೇಳಲು ಈ ಪಟ್ಟಿಯೇ ಆಧಾರ.

ಪತ್ರಗಳಿಂದ ಮನಸ್ಸನ್ನು ಓದುವುದು ಎಷ್ಟು ಕಠಿಣವೆಂಬುದಕ್ಕೆ 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪಿಗಿಂತ ಒಳ್ಳೆಯ ಪಾಠ ಸಿಗುವುದು ಅಪರೂಪ. ಅಲ್ಲಿ ಪತ್ರಗಳು ಆರೋಪಿಯವಲ್ಲ, 1982ರಲ್ಲಿ ಪುಣೆಯಲ್ಲಿ ಸತ್ತ ಅವನ ಹೆಂಡತಿ ತನ್ನ ಸಹೋದರಿಗೂ ಗೆಳತಿಗೂ ಬರೆದವು. ಕೆಳಗಿನ ನ್ಯಾಯಾಲಯಗಳು ಕೊಲೆಯೆಂದು ತೀರ್ಮಾನಿಸಿ ಗಲ್ಲು ವಿಧಿಸಿದ್ದವು. ಅವೇ ಪತ್ರಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀವ್ರ ನಿರಾಶೆಯನ್ನು ಕಂಡು, ಆತ್ಮಹತ್ಯೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಆರೋಪಿಯನ್ನು ಬಿಡುಗಡೆ ಮಾಡಿತು. ಒಂದೇ ಅಕ್ಷರಗಳನ್ನು ಅನುಭವಿ ನ್ಯಾಯಾಧೀಶರು ಇಷ್ಟು ಬೇರೆಯಾಗಿ ಓದಬಹುದಾದರೆ, ಪತ್ರದ ಮೇಲೆ ಮಾತ್ರ ನಿಂತ ನಿರ್ಣಯ ಎಷ್ಟು ಸಡಿಲವೆಂಬುದು ಸ್ಪಷ್ಟ.

ಚಿತ್ತವಿಕಲತೆಯ ರಕ್ಷಣೆಯ ವಿಷಯದಲ್ಲಿ ಬರಹದ ಪಾತ್ರ ಇನ್ನೂ ಸೂಕ್ಷ್ಮವಾದದ್ದು. ನ್ಯಾಯ ಸಂಹಿತೆಯ 22ನೆಯ ಕಲಂ, ಹಳೆಯ ದಂಡ ಸಂಹಿತೆಯ 84ನೆಯದು, ಕೃತ್ಯ ಮಾಡುವ ಹೊತ್ತಿನಲ್ಲಿ ಚಿತ್ತವಿಕಲತೆಯ ಕಾರಣದಿಂದ ಆ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನಾಗಲಿ ಅರಿಯಲಾರದವನು ಮಾಡಿದ್ದು ಅಪರಾಧವಲ್ಲ ಎನ್ನುತ್ತದೆ. ಬ್ರಿಟನ್ನಿನಲ್ಲಿ 1843ರ ಮ್ಯಾಕ್‌ನಾಟನ್ ಪ್ರಕರಣದ ನಂತರ ರೂಪುಗೊಂಡ ನಿಯಮಗಳ ಛಾಯೆ ಇದರಲ್ಲಿದೆ. ಮನೋವೈದ್ಯರು ಕಾಯಿಲೆ ಎನ್ನುವುದೆಲ್ಲವೂ ಈ ಕಲಮಿನೊಳಗೆ ಬರುವುದಿಲ್ಲ. ಅರಿಯುವ ಶಕ್ತಿ ಆ ಹೊತ್ತಿಗೆ ಕಳೆದುಹೋಗಿತ್ತೇ ಎಂಬುದಷ್ಟೇ ಪ್ರಶ್ನೆ. ಇದನ್ನು ತೋರಿಸುವ ಭಾರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮಿನಂತೆ ಆರೋಪಿಯದು. ಆದರೆ ಸಂಶಯಾತೀತವಾಗಿ ಸಾಬೀತುಪಡಿಸುವ ಭಾರ ಅದಲ್ಲ, ಸಿವಿಲ್ ದಾವೆಯಲ್ಲಿರುವಂತೆ ಸಂಭವನೀಯತೆಯ ತೂಕ ತನ್ನ ಕಡೆಗಿದೆ ಎಂದು ತೋರಿಸಿದರೆ ಸಾಕು ಎಂದು 1964ರ ದಾಹ್ಯಾಭಾಯಿ ಠಕ್ಕರ್ ತೀರ್ಪು ಸ್ಪಷ್ಟಪಡಿಸಿದೆ. ಅದನ್ನೂ ಪೂರ್ತಿ ತೋರಿಸಲಾಗದೆ ಉದ್ದೇಶದ ಬಗ್ಗೆ ಸಕಾರಣ ಸಂಶಯವನ್ನಷ್ಟೇ ಹುಟ್ಟಿಸಿದರೂ ಬಿಡುಗಡೆಗೆ ದಾರಿಯಿದೆ. ಕೃತ್ಯದ ಮೊದಲು, ಕೃತ್ಯದ ವೇಳೆ ಮತ್ತು ಆಮೇಲಿನ ನಡವಳಿಕೆಗಳಿಂದ ಆ ಹೊತ್ತಿನ ಮನಃಸ್ಥಿತಿಯನ್ನು ಊಹಿಸಬೇಕೆಂದೂ ಆ ತೀರ್ಪು ಹೇಳಿತು.

ಆದ್ದರಿಂದಲೇ ಬರೆದ ದಿನಾಂಕಕ್ಕೆ ಬರೆದ ಮಾತಿನಷ್ಟೇ ಬೆಲೆಯಿದೆ. ತನ್ನ ಹೇಳಿಕೆಯನ್ನು ತಾನೇ ತನ್ನ ಪರವಾಗಿ ಬಳಸುವುದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲವಾದರೂ, ಮನಸ್ಸಿನ ಅಥವಾ ದೇಹದ ಸ್ಥಿತಿಯ ಬಗ್ಗೆ ಆ ಸ್ಥಿತಿ ಇದ್ದಾಗಲೇ ಅಥವಾ ಅದರ ಆಸುಪಾಸಿನಲ್ಲಿ ಹೇಳಿದ ಮಾತು, ಅದು ಸುಳ್ಳಿರಲಾರದು ಎಂದು ತೋರಿಸುವ ನಡವಳಿಕೆಯ ಜೊತೆಗಿದ್ದರೆ, ಅವನ ಪರವಾಗಿಯೂ ಸಲ್ಲುತ್ತದೆ ಎಂದು ಅದೇ ಅಧಿನಿಯಮದ 19ನೆಯ ಕಲಂ ವಿನಾಯಿತಿ ಕೊಡುತ್ತದೆ. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಬೇರೆಯವರಿಗೆ ಕೇಳದ ದನಿಗಳನ್ನು ಕೇಳುತ್ತಾ ಬರೆದ ಪುಟಗಳ ಜೊತೆ ಅದೇ ದಿನಗಳಲ್ಲಿ ಕೆಲಸ ಬಿಟ್ಟದ್ದು, ಊಟ ತೊರೆದದ್ದು, ಆಸ್ಪತ್ರೆಗೆ ಹೋದದ್ದು ಸೇರಿದರೆ ಅದು ಬಲವಾದ ಸಾಕ್ಷ್ಯ. ಬಂಧನದ ನಂತರ ಬರೆದದ್ದು ಹಾಗಲ್ಲ. ಹೆಂಡತಿಯನ್ನು ಕೊಂದ ಆರೋಪದ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬನನ್ನು 2002ರ ಶ್ರೀಕಾಂತ್ ಆನಂದರಾವ್ ಭೋಸಲೆ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡುಗಡೆ ಮಾಡಿದ್ದರಲ್ಲಿ ಅವನ ಚಿಕಿತ್ಸೆಯ ದಾಖಲೆಗಳದೇ ದೊಡ್ಡ ಪಾಲು. ಔಷಧಿ ಚೀಟಿಯನ್ನು ಎಸೆಯುವ ಮನೆಯವರು ಇದನ್ನು ನೆನಪಿಡಬೇಕು.

ಕುಂದಾಪುರ ಸೀಮೆಯ ಬರಹಗಳನ್ನು ಹೊರಗಿನವರು ಓದುವಾಗ ಇನ್ನೊಂದು ತೊಡಕು ಏಳುತ್ತದೆ. ನಾಗನ ಮುನಿಸು, ಹಾಯ್ಗುಳಿ ಎಂಬ ದೈವದ ಅಪ್ಪಣೆ, ಮೈಮೇಲೆ ದೈವ ಬಂದ ಪಾತ್ರಿ ದರ್ಶನದಲ್ಲಿ ಕೊಟ್ಟ ನುಡಿ ಇವನ್ನು ದಿನಚರಿಯಲ್ಲಿ ಬರೆದವನು ಭ್ರಮೆಗೊಳಗಾಗಿದ್ದಾನೆಂದು ಸುಮ್ಮನೆ ಹೇಳಲಾಗದು; ಒಂದು ಸಮುದಾಯ ಹಂಚಿಕೊಂಡಿರುವ ನಂಬಿಕೆಯನ್ನು ಮನೋವೈದ್ಯಶಾಸ್ತ್ರವೇ ಭ್ರಮೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಊರಿನ ನಂಬಿಕೆಯನ್ನೂ ಮೀರಿ, ಮನೆಯ ಹಿರಿಯರೇ ಒಪ್ಪದ ರೀತಿಯಲ್ಲಿ ಅವನ ಬರಹ ತಿರುಗಿದ್ದು ಯಾವಾಗ ಎಂಬುದೇ ಪರಿಶೀಲಿಸಬೇಕಾದ ಸಂಗತಿ. ಅದನ್ನು ಹೇಳಬಲ್ಲವರು ಊರಿನ ಸಾಕ್ಷಿಗಳೇ ಹೊರತು ದೂರದ ಪ್ರಯೋಗಾಲಯವಲ್ಲ.

ಬರಹ ಪೊಲೀಸರ ಕೈಗೆ ಹೋಗುವ ಕ್ರಮಕ್ಕೂ ಕಾನೂನು ಮಿತಿ ಹಾಕಿದೆ. ಸಂವಿಧಾನದ 20(3)ನೆಯ ಅನುಚ್ಛೇದದಂತೆ ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಒತ್ತಾಯಿಸುವಂತಿಲ್ಲ. ದಾಖಲೆ ತಂದೊಪ್ಪಿಸೆಂದು ಆರೋಪಿಗೆ ಸಮನ್ಸ್ ಕಳುಹಿಸಲಾಗದೆಂದು ಶ್ಯಾಮಲಾಲ್ ಚೋಕ್ಸಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಮನೆ ಶೋಧಿಸಿ ದಿನಚರಿಯನ್ನು ವಶಪಡಿಸಿಕೊಳ್ಳುವುದನ್ನು ಆ ಅನುಚ್ಛೇದ ತಡೆಯುವುದಿಲ್ಲ. ಶೋಧದ ವೇಳೆ ಊರಿನ ಇಬ್ಬರು ಸ್ವತಂತ್ರ ಪಂಚರಿರಬೇಕು, ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮಾಡಿ ಸಹಿ ಹಾಕಿಸಿ ಮನೆಯವರಿಗೆ ಪ್ರತಿ ಕೊಡಬೇಕು, ಇಡೀ ಶೋಧವನ್ನು ಸುರಕ್ಷಾ ಸಂಹಿತೆಯ 105ನೆಯ ಕಲಮಿನಂತೆ ದೃಶ್ಯ-ಶ್ರಾವ್ಯವಾಗಿ ಚಿತ್ರೀಕರಿಸಬೇಕು. ನೋಟುಪುಸ್ತಕದ ಪುಟಗಳ ಸಂಖ್ಯೆ, ಮೊದಲ ಹಾಗೂ ಕೊನೆಯ ಬರಹದ ದಿನಾಂಕ ಇವನ್ನು ಮಹಜರಿನಲ್ಲಿ ಬರೆಸುವಂತೆ ಮನೆಯವರು ಕೇಳಿಕೊಂಡರೆ ಮುಂದೆ ಪುಟ ಕಾಣೆಯಾಯಿತೆಂಬ ವಿವಾದಕ್ಕೆ ಎಡೆಯಿರದು.

ಮಾದರಿ ಕೈಬರಹ ಕೊಡುವಂತೆ ಅದೇ ಸಂಹಿತೆಯ 349ನೆಯ ಕಲಮಿನಡಿ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಇದು ತನ್ನ ವಿರುದ್ಧವೇ ಸಾಕ್ಷಿಯಾಗುವುದಲ್ಲವೆಂದು 1961ರಲ್ಲೇ ಕಾಠಿ ಕಾಲೂ ಓಘಡ್ ಪ್ರಕರಣದಲ್ಲಿ 11 ನ್ಯಾಯಾಧೀಶರ ಪೀಠ ತೀರ್ಮಾನಿಸಿದೆ. ಬರಹದ ಅರ್ಥ ಹೇಳಿಸಲು ಮಂಪರು ಪರೀಕ್ಷೆಗೆ ಒಳಪಡಿಸುವುದು ಮಾತ್ರ ಒಪ್ಪಿಗೆಯಿಲ್ಲದೆ ಸಾಧ್ಯವಿಲ್ಲ. 2010ರ ಮೇ 5ರಂದು ಈ ನಿಯಮವನ್ನು ಕೊಟ್ಟದ್ದು ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣ. ಮೊಬೈಲಿನ ಟಿಪ್ಪಣಿಗಳ ವಿಷಯದಲ್ಲಿ ಕರ್ನಾಟಕ ಹೈಕೋರ್ಟು 2021ರ ವೀರೇಂದ್ರ ಖನ್ನಾ ತೀರ್ಪಿನಲ್ಲಿ, ಸಾಮಾನ್ಯವಾಗಿ ಶೋಧ ವಾರಂಟು ಬೇಕೆಂದೂ, ದೊರೆತ ಖಾಸಗಿ ಮಾಹಿತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡಬಾರದೆಂದೂ ಹೇಳಿದೆ. ಮುಂಬಯಿಯಿಂದಲೋ ಕೊಲ್ಲಿ ದೇಶದಿಂದಲೋ ಗಂಡ ಹೆಂಡತಿಗೆ ಬರೆದ ಪತ್ರವನ್ನು ಬಹಿರಂಗಪಡಿಸುವಂತೆ ಹೆಂಡತಿಯನ್ನು ಒತ್ತಾಯಿಸಲಾಗದು; ಆದರೆ ಅದೇ ಪತ್ರ ಬೇರೆಯವರ ಕೈ ಸೇರಿದ್ದರೆ ಅವರ ಮೂಲಕ ಸಾಬೀತಾಗಬಹುದು. ವಕೀಲರಿಗೆ ಬರೆದ ಪತ್ರಕ್ಕೆ ಪ್ರತ್ಯೇಕ ರಕ್ಷಣೆಯಿದೆ.

ಅಪರಾಧ ಸಾಬೀತಾದ ಮೇಲೂ ಬರಹದ ಕೆಲಸ ಮುಗಿಯುವುದಿಲ್ಲ. ಮಗುವನ್ನು ಅಪಹರಿಸಿ ಕೊಂದ ಅಪರಾಧಕ್ಕೆ ಗಲ್ಲುಶಿಕ್ಷೆ ಹೊತ್ತಿದ್ದ ಜ್ಞಾನೇಶ್ವರ ಸುರೇಶ ಬೋರ್ಕರ್ ಜೈಲಿನಲ್ಲಿ ಬರೆದ ಕವಿತೆಗಳಲ್ಲಿ ಅವನಿಗೆ ತನ್ನ ತಪ್ಪಿನ ಅರಿವಾಗಿರುವುದು ಕಾಣುತ್ತದೆಂದು 2019ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠ ಗುರುತಿಸಿತು. 18 ವರ್ಷಗಳ ಸೆರೆವಾಸದಲ್ಲಿ ಅವನ ನಡತೆ, ಕೃತ್ಯದ ಕಾಲದ ಎಳೆ ವಯಸ್ಸು, ಮುಂದುವರಿಸಿದ ಓದು ಇವುಗಳೊಂದಿಗೆ ಆ ಕವಿತೆಗಳನ್ನೂ ತೂಗಿ ಗಲ್ಲನ್ನು ಜೀವಾವಧಿಗೆ ಇಳಿಸಿತು. ಆ ಪೀಠದಲ್ಲಿದ್ದ ಮೂವರಲ್ಲಿ ಕರಾವಳಿಯ ಮೂಡುಬಿದಿರೆ ಸೀಮೆಯ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಒಬ್ಬರು. ಜೈಲಿನಲ್ಲಿರುವವರ ಬರಹವನ್ನು ಜೋಪಾನವಾಗಿಡುವುದು ಬಂಧುಗಳ ಕರ್ತವ್ಯವೆನ್ನಲು ಇಷ್ಟು ಸಾಕು.

ಆರೋಪಿ ತನ್ನ ಪರವಾಗಿ ವಾದಿಸಲಾರದಷ್ಟು ಅಸ್ವಸ್ಥನಾಗಿದ್ದಾನೆಂದು ತೋರಿದರೆ ಸುರಕ್ಷಾ ಸಂಹಿತೆಯ 367 ಮತ್ತು 368ನೆಯ ಕಲಂಗಳಡಿ ಮ್ಯಾಜಿಸ್ಟ್ರೇಟ್ ಅಥವಾ ಸೆಷನ್ಸ್ ನ್ಯಾಯಾಲಯ ಮನೋವೈದ್ಯಕೀಯ ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ. ಆ ಕೋರಿಕೆಯನ್ನು ಮೊದಲ ದಿನಗಳಲ್ಲೇ, ಬರಹ ಮತ್ತು ಚಿಕಿತ್ಸೆಯ ಕಾಗದಗಳ ಪ್ರತಿಗಳೊಂದಿಗೆ ಸಲ್ಲಿಸುವುದು ಲೇಸು. ವಕೀಲರನ್ನು ನೇಮಿಸಲು ಹಣವಿಲ್ಲದವರು ಹಿಂಜರಿಯಬೇಕಿಲ್ಲ: ಬಂಧನದಲ್ಲಿರುವವರಿಗೂ ಮಾನಸಿಕ ಅಸ್ವಸ್ಥರಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಂ ಉಚಿತ ನೆರವಿನ ಹಕ್ಕು ಕೊಟ್ಟಿದೆ. ಗುಲ್ವಾಡಿಯವರು ಕುಂದಾಪುರ ನ್ಯಾಯಾಲಯದ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು.