ಗಣಕದ ಅಂಜಿಕೆ ಬಿಡೋಣ

ಕಂಪ್ಲಿ ಕಡೆಯ ಒಬ್ಬ ಮಗಳು ಹೊಸಪೇಟೆಯ ಅಂಗಡಿಯೊಂದರಲ್ಲಿ ಕೆಲಸದ ಅರ್ಜಿ ತುಂಬಿಸಿದಳು. ಹುಟ್ಟಿದ ವರ್ಷ ತಪ್ಪಾಯಿತು, ಅರ್ಜಿ ತಿರಸ್ಕೃತವಾಯಿತು.

"ಪರದೆ ಮುಂದೆಯೇ ಇತ್ತಲ್ಲಮ್ಮ, ನೋಡಲಿಲ್ಲವೇ?" ಎಂದೆ.

"ನನಗೇನು ತಿಳೀತದ ಫಾದರ್? ಒತ್ತು ಅಂದ್ರು, ಒತ್ತಿದೆ."

ಹತ್ತನೆಯ ತರಗತಿ ಪಾಸಾದವಳು. ಓದು ಬಾರದೆ ಅಲ್ಲ, ಯಂತ್ರದ ಅಂಜಿಕೆಯಿಂದ ಕೆಲಸ ಕೆಟ್ಟಿತು.

ಪ್ರಿಯ ತಂದೆತಾಯಂದಿರೇ, 2002ರ ಹೊತ್ತಿಗೆ 'ಭೂಮಿ' ಯೋಜನೆಯಿಂದ ಕೈಬರಹದ ಪಹಣಿಯೇ ಗಣಕಕ್ಕೆ ಹೋಯಿತು. ಸಂಡೂರಿನ ಗಣಿ ಕಚೇರಿಯಿರಲಿ, ಹಂಪಿಯ ವಸತಿಗೃಹವಿರಲಿ, ಲೆಕ್ಕವೆಲ್ಲ ಅದರಲ್ಲೇ.

ಇಂಗ್ಲಿಷ್ ಬಾರದು ಎನ್ನುವುದು ನೆಪ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡ ಕೀಲಿಮಣೆ 'ನುಡಿ' ತಂತ್ರಾಂಶದಲ್ಲಿದೆ. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ 'ಎಫ್'. ಎ, ಎಂ, ಎಫ್, ಎಂ ಒತ್ತಿರಿ, 'ಅಮ್ಮ' ಮೂಡುತ್ತದೆ. (ಗುರುಮಠದಲ್ಲಿ ನಮಗೆ ಅರಿಸ್ಟಾಟಲನನ್ನು ಕಲಿಸಿದರು, ಇದನ್ನಲ್ಲ!) ಮೊದಲ ವಾರಕ್ಕೆ ಇಷ್ಟು ಸಾಕು.

ಆಮೇಲೆ ಕಡತಕ್ಕೆ ಹೆಸರಿಟ್ಟು ಉಳಿಸುವುದು: ಕಂಟ್ರೋಲ್ ಹಿಡಿದು 'ಎಸ್'. ಅರ್ಜಿ ಕಳಿಸುವ ಮುನ್ನ ಹೆಸರು, ಹುಟ್ಟಿದ ದಿನ, ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಬೆರಳಿಟ್ಟು ಓದಿರಿ. ಅವಸರ ಮಾಡಿದರೆ ಅಂಗಡಿಯವರೇ ಕಾಯಲಿ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಏಳುವ ಮುನ್ನ ಲಾಗ್‌ಔಟ್ ಮಾಡಿ.

ಆ ಮಗಳು ಈಗ ಭಾನುವಾರದ ಪೂಜೆಯ ನಂತರ ಗುರುಮನೆಯ ಹಳೆಯ ಗಣಕದಲ್ಲಿ ಕಲಿಯುತ್ತಿದ್ದಾಳೆ. ಹೋದ ವಾರದ ಪ್ರಕಟಣೆಯನ್ನು ಅವಳೇ ಬೆರಳಚ್ಚು ಮಾಡಿದಳು. ನನ್ನ ಹೆಸರಿನಲ್ಲೇ ಒಂದು ಒತ್ತಕ್ಷರ ಬಿಟ್ಟಿತ್ತು. ನೋಡದೆ "ಸರಿಯಿದೆ" ಎಂದವನು ನಾನೇ.