ಅಂಗಡಿಯೂ ಮನೆಯ ಬೆಲೆಯೂ

ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ಮನೆಯೊಂದನ್ನು ಕೊಳ್ಳಲು ಹುಡುಕುತ್ತಿದ್ದನು. ದಲ್ಲಾಳಿ ಕಳುಹಿಸಿದ ವಿವರಣಪತ್ರದಲ್ಲಿ ಕೋಣೆಗಳೆಷ್ಟು, ಹಿತ್ತಿಲೆಷ್ಟು ಎಂಬುದರ ಜೊತೆಗೆ, ವೇಟ್ರೋಸ್ ಅಂಗಡಿಯು ಕಾಲ್ನಡಿಗೆಯ ದೂರದಲ್ಲಿದೆ ಎಂಬ ಒಂದು ಸಾಲೂ ಇದ್ದಿತು. ಅಷ್ಟೇ ದೊಡ್ಡ ಮನೆ ಒಂದೂವರೆ ಮೈಲಿಯಾಚೆ ಕಡಮೆ ಬೆಲೆಗೆ ದೊರೆಯುತ್ತಿದ್ದಿತು. ಅದರ ಬಳಿ ಇದ್ದುದು ಆಲ್ಡಿ ಅಂಗಡಿ. "ಸಾರ್, ಈ ಹೆಚ್ಚಿನ ಹಣವನ್ನು ನಾನು ಕೊಡುವುದು ಮನೆಗೋ, ಅಂಗಡಿಗೋ?" ಎಂದು ಅವನು ಬರೆದು ಕೇಳಿದನು. ಭೌತವಿಜ್ಞಾನದ ಅಧ್ಯಾಪಕನಿಗೆ ಕೇಳುವ ಪ್ರಶ್ನೆ ಇದಲ್ಲವೆಂದು ಮೊದಲು ತೋರಿತು. ಆಲೋಚಿಸಿದಷ್ಟೂ ಇದು ನಮ್ಮ ಪ್ರಯೋಗಶಾಲೆಯ ಪ್ರಶ್ನೆಯೇ ಎಂದು ಮನದಟ್ಟಾಯಿತು.

ಬ್ರಿಟನ್ನಿನ ಜನರು ದಿನಸಿಯ ಬಹುಭಾಗವನ್ನು ಕೊಳ್ಳುವುದು ಕೆಲವೇ ದೊಡ್ಡ ಸಂಸ್ಥೆಗಳು ನಡೆಸುವ ಸೂಪರ್‌ಮಾರ್ಕೆಟ್ಟುಗಳಲ್ಲಿ. ವೇಟ್ರೋಸ್ 1904ರಲ್ಲಿ ಲಂಡನ್ನಿನ ಪಶ್ಚಿಮದ ಆಕ್ಟನ್ನಿನಲ್ಲಿ ಹುಟ್ಟಿತು. ಜಾಕ್ ಕೊಹೆನ್ ಎಂಬಾತನು 1919ರಲ್ಲಿ ಲಂಡನ್ನಿನ ಪೂರ್ವಭಾಗದ ಸಂತೆಯಲ್ಲಿ ಹೂಡಿದ ಅಂಗಡಿಯೇ ಬೆಳೆದು ಟೆಸ್ಕೊ ಆಯಿತು. ಜರ್ಮನಿಯ ಆಲ್ಡಿ ಅಲ್ಲಿಗೆ ಬಂದುದು 1990ರಲ್ಲಿ, ಬರ್ಮಿಂಗ್‌ಹ್ಯಾಮ್ ನಗರಕ್ಕೆ. ತಯಾರಕನು ಗೊತ್ತುಮಾಡಿದ ಬೆಲೆಗೇ ಅಂಗಡಿಯವನು ಸರಕನ್ನು ಮಾರಬೇಕೆಂಬ ಕಟ್ಟುಪಾಡನ್ನು 1964ರ ಶಾಸನವು ಸಡಿಲಿಸಿದ ಮೇಲೆ, ಅಗ್ಗದ ಅಂಗಡಿಗೂ ದುಬಾರಿ ಅಂಗಡಿಗೂ ನಡುವಣ ದೂರ ಬೆಳೆಯಲು ಅವಕಾಶವಾಯಿತು. ಈಗ ಅಲ್ಲಿಯವರ ಮನಸ್ಸಿನಲ್ಲಿ ಅಂಗಡಿಗಳದೊಂದು ಏಣಿಯೇ ಉಂಟು. ಮೇಲಿನ ಮೆಟ್ಟಿಲಿನಲ್ಲಿ ವೇಟ್ರೋಸ್, ಮಾರ್ಕ್ಸ್ ಅಂಡ್ ಸ್ಪೆನ್ಸರ್, ಅದರ ಕೆಳಗೆ ಸೇನ್ಸ್‌ಬರಿ, ನಡುವೆ ಟೆಸ್ಕೊ, ಕೆಳಗಿನ ಮೆಟ್ಟಿಲಿನಲ್ಲಿ ಆಲ್ಡಿ, ಲಿಡ್ಲ್. ಚೀಲದ ಮೇಲಿನ ಹೆಸರನ್ನು ನೋಡಿ ಮನುಷ್ಯನನ್ನು ಅಳೆಯುವ ಈ ಚಟ ನಮ್ಮಲ್ಲಿಯೂ ಇಲ್ಲದಿಲ್ಲ.

ಬೀದಿಯನ್ನು ನೋಡಿ ವರ್ಗವನ್ನು ಗುರುತಿಸುವ ಯತ್ನ ಹೊಸದಲ್ಲ. 1889ರಲ್ಲಿ ಚಾರ್ಲ್ಸ್ ಬೂತ್ ಎಂಬಾತನು ಪೂರ್ವ ಲಂಡನ್ನಿನ ನಕ್ಷೆಯನ್ನು ಪ್ರಕಟಿಸಿ, ಬೀದಿಬೀದಿಗೂ ಬಣ್ಣ ಹಚ್ಚಿದನು. ಕಡುಬಡವರ ಬೀದಿಗೆ ಕಪ್ಪು. ಮುಂದೆ ವಿಸ್ತರಿಸಿದ ನಕ್ಷೆಯಲ್ಲಿ ಸಿರಿವಂತರ ಬೀದಿಗೆ ಹಳದಿ. ಬೂತನು ಮನೆಮನೆಯ ಸ್ಥಿತಿಯನ್ನು ಬಲ್ಲವರನ್ನು ವಿಚಾರಿಸಿ ಬಣ್ಣವನ್ನು ನಿರ್ಣಯಿಸಿದನು. ಇಂದು ಅಂಗಡಿಗಳ ಫಲಕಗಳೇ ಆ ಬಣ್ಣಗಳಂತೆ ಕಾಣುತ್ತವೆ. ಆದರೆ ಫಲಕವನ್ನು ಅಲ್ಲಿ ನೆಟ್ಟವರು ಯಾವ ಲೆಕ್ಕದಿಂದ ನೆಟ್ಟರು?

ಇಲ್ಲಿಗೆ ನ್ಯೂಟನ್ ಬರುತ್ತಾನೆ. 1931ರಲ್ಲಿ ಅಮೆರಿಕದ ವಿಲಿಯಂ ರೈಲಿ ಎಂಬಾತನು, ಎರಡು ಪಟ್ಟಣಗಳ ನಡುವಣ ಊರಿನ ವ್ಯಾಪಾರವನ್ನು ಆ ಪಟ್ಟಣಗಳು ತಮ್ಮ ಜನಸಂಖ್ಯೆಗೆ ಅನುಪಾತವಾಗಿಯೂ ದೂರದ ವರ್ಗಕ್ಕೆ ವಿಲೋಮವಾಗಿಯೂ ಸೆಳೆಯುತ್ತವೆ ಎಂದು ಸಾರಿದನು. ಗುರುತ್ವಾಕರ್ಷಣ ನಿಯಮದ ಅಚ್ಚನ್ನೇ ಇಲ್ಲಿ ಕಾಣಬಹುದು. 1963ರಲ್ಲಿ ಡೇವಿಡ್ ಹಫ್ ಎಂಬಾತನು ಇದನ್ನು ಅಂಗಡಿಗಳಿಗೆ ಅನ್ವಯಿಸಿ, ಸಂಭಾವ್ಯತೆಯ ರೂಪಕ್ಕೆ ತಂದನು. ಮನೆಯಿಂದ 3 ಕಿಲೋಮೀಟರ್ ದೂರದಲ್ಲಿ 3,000 ಚದರ ಮೀಟರಿನ ದೊಡ್ಡ ಅಂಗಡಿಯೂ, 1 ಕಿಲೋಮೀಟರ್ ದೂರದಲ್ಲಿ 1,000 ಚದರ ಮೀಟರಿನ ಚಿಕ್ಕ ಅಂಗಡಿಯೂ ಇವೆಯೆಂದು ಭಾವಿಸೋಣ. ಮೊದಲನೆಯದರ ಸೆಳೆತ 3,000ವನ್ನು 9ರಿಂದ ಭಾಗಿಸಿದರೆ ಬರುವ 333, ಎರಡನೆಯದರದು 1,000. ಎಂದರೆ ಆ ಮನೆಯವರು ನಾಲ್ಕು ಸಲದಲ್ಲಿ ಮೂರು ಸಲ ಹತ್ತಿರದ ಚಿಕ್ಕ ಅಂಗಡಿಗೇ ಹೋಗುವ ಸಂಭವವುಂಟು. ದೂರದ ಘಾತವು ಎಲ್ಲೆಡೆಯೂ 2 ಆಗಿರಬೇಕಾಗಿಲ್ಲ. ಅದನ್ನು ಅನುಭವದಿಂದ ನಿರ್ಣಯಿಸಬೇಕು. 1967ರಲ್ಲಿ ಬ್ರಿಟನ್ನಿನ ಆಲನ್ ವಿಲ್ಸನ್, ಅನಿಲದ ಅಣುಗಳಿಗೆ ಬಳಸುವ ಎಂಟ್ರೊಪಿಯ ವಾದದಿಂದಲೇ ಇಂತಹ ಸೂತ್ರಗಳನ್ನು ಪಡೆಯಬಹುದೆಂದು ತೋರಿಸಿದನು. ಸಂತೆಗೆ ಹೊರಟ ಗೃಹಿಣಿಗೂ ಬಾಟಲಿಯೊಳಗಣ ಅನಿಲಕ್ಕೂ ಒಂದೇ ಗಣಿತ!

ಆದರೆ ವ್ಯಾಪಾರಿಗೆ ಮನೆಗಳ ಸಂಖ್ಯೆಯೊಂದೇ ಸಾಲದು. ಆ ಮನೆಗಳವರ ಕೈಯಲ್ಲಿ ಎಷ್ಟು ಹಣ ಓಡಾಡುತ್ತದೆಂಬುದೂ ಬೇಕು. 1970ರ ದಶಕದಲ್ಲಿ ರಿಚರ್ಡ್ ವೆಬ್ಬರ್ ಎಂಬಾತನು ಜನಗಣತಿಯ ಅಂಕಿಗಳಿಂದ ಬ್ರಿಟನ್ನಿನ ನೆರೆಹೊರೆಗಳನ್ನು ಬಗೆಬಗೆಯಾಗಿ ವಿಂಗಡಿಸಿದನು. 'ಏಕಾರ್ನ್' ಎಂಬ ಹೆಸರಿನ ಆ ವಿಂಗಡಣೆ ವ್ಯಾಪಾರಿಗಳ ಕೈಗೆ ಬಂದ ಮೇಲೆ, ಯಾವ ಬಗೆಯ ಜನರು ಎಲ್ಲಿ ನೆಲಸಿದ್ದಾರೆಂಬುದನ್ನು ಮೊದಲೇ ನೋಡಿಕೊಂಡು ಅಂಗಡಿಯ ನಿವೇಶನವನ್ನು ಆರಿಸುವುದು ಸುಲಭವಾಯಿತು. ಹಾಗಾದರೆ ದುಬಾರಿ ಅಂಗಡಿಯು ಬರುವ ಮುಂಚೆಯೇ ಮನೆಗಳು ದುಬಾರಿಯಾಗಿರುತ್ತವೆ.

2010ರ ದಶಕದ ಉತ್ತರಾರ್ಧದಲ್ಲಿ ಲಾಯ್ಡ್ಸ್ ಬ್ಯಾಂಕು ಅಂಗಡಿಗಳ ಬಳಿಯ ಮನೆಗಳ ಸರಾಸರಿ ಬೆಲೆಯನ್ನು ಸುತ್ತಿನ ಊರಿನ ಸರಾಸರಿಯೊಡನೆ ಹೋಲಿಸಿ, ವೇಟ್ರೋಸ್ ಬಳಿಯ ಮನೆಗಳ ಬೆಲೆ ಸುಮಾರು ಹತ್ತನೆಯ ಒಂದು ಭಾಗದಷ್ಟು ಹೆಚ್ಚೆಂದು ಪ್ರಕಟಿಸಿದಾಗ, ಪತ್ರಿಕೆಗಳು ಅದನ್ನು 'ವೇಟ್ರೋಸ್ ಪರಿಣಾಮ' ಎಂದು ಕರೆದವು. ಪರಿಣಾಮ ಎಂಬ ಪದವೇ ಇಲ್ಲಿ ತಪ್ಪು ಹಾದಿಗೆ ಎಳೆಯುತ್ತದೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಬಡಾವಣೆಯಲ್ಲಿ ಅಂಗಡಿ ಬರುವ ಮುಂಚೆ ಮನೆಯ ಸರಾಸರಿ ಬೆಲೆ 4,00,000 ಪೌಂಡು. ಬಂದ ಐದು ವರ್ಷದ ಮೇಲೆ 4,40,000. ಅಂಗಡಿ ಬಾರದ ನೆರೆಯ ಬಡಾವಣೆಯಲ್ಲಿ ಅದೇ ಅವಧಿಯಲ್ಲಿ ಬೆಲೆ 3,60,000ದಿಂದ 3,96,000ಕ್ಕೆ ಏರಿತು. ಕೊನೆಯ ಅಂಕಿಗಳನ್ನಷ್ಟೇ ಹೋಲಿಸಿದವನು, ಅಂಗಡಿಯಿಂದ ಶೇಕಡ 11ರಷ್ಟು ಲಾಭವೆನ್ನುತ್ತಾನೆ. ಮೊದಲ ಅಂಕಿಗಳನ್ನೂ ನೋಡಿದವನಿಗೆ ಎರಡು ಕಡೆಯೂ ಏರಿದ್ದು ಶೇಕಡ 10ರಷ್ಟೇ ಎಂದು ತಿಳಿಯುತ್ತದೆ. ಅಂಗಡಿಯ ಪಾಲು ಸೊನ್ನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1995ರಿಂದೀಚೆಗೆ ನಡೆದ ಮನೆಮಾರಾಟದ ಬೆಲೆಗಳನ್ನು ಸರ್ಕಾರದ ಭೂನೋಂದಣಿ ಇಲಾಖೆಯು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಅವನ್ನು ನೋಡೆಂದು ವಿದ್ಯಾರ್ಥಿಗೆ ಬರೆದೆನು. ಅವನು ಎರಡು ಬೀದಿಗಳ ಬೆಲೆಗಳನ್ನು ಗುರುತುಹಾಕಿ ನಕ್ಷೆ ಬರೆದು ಕಳುಹಿಸಿದನು. ಬೆಲೆಗಳ ಅಂತರ ವೇಟ್ರೋಸ್ ಬರುವ ಮುಂಚೆಯೂ ಹೆಚ್ಚುಕಡಮೆ ಅಷ್ಟೇ ಇದ್ದಿತು. ಒಳ್ಳೆಯ ಶಾಲೆಯೂ ರೈಲು ನಿಲ್ದಾಣವೂ ಆ ಕಡೆಯಲ್ಲಿಯೇ ಇದ್ದವು.

ಹಾಗೆಂದು ಅಂಗಡಿಯು ಬರಿಯ ಉಷ್ಣಮಾಪಕವೆಂದೂ ಹೇಳಲಾಗದು. ಕೊಳದ ನೀರಿನಲ್ಲಿ ಅದ್ದಿದ ಉಷ್ಣಮಾಪಕವು ನೀರಿನ ತಾಪವನ್ನು ತೋರಿಸುತ್ತದಷ್ಟೆ. ಒಂದು ಚಮಚ ನೀರಿನಲ್ಲಿ ಅದ್ದಿದರೆ ಆ ತಾಪವನ್ನೇ ಬದಲಿಸಿಬಿಡುತ್ತದೆ. ದೊಡ್ಡ ಹೆಸರಿನ ಅಂಗಡಿಯೊಂದು ಸಾಧಾರಣ ಬಡಾವಣೆಗೆ ಬಂದೊಡನೆ ದಲ್ಲಾಳಿಗಳ ಮಾತು ಬದಲಾಗುತ್ತದೆ, ಹಣವಂತ ಕೊಳ್ಳುವವರು ಬಂದು ನೋಡುತ್ತಾರೆ. ಬಾಡಿಗೆಯಲ್ಲಿರುವವರಿಗೆ ಇದು ಸಂತೋಷದ ಸಂಗತಿಯೇನಲ್ಲ.

ಪ್ರದೇಶದ ಸರಾಸರಿಯಿಂದ ವ್ಯಕ್ತಿಯನ್ನು ನಿರ್ಣಯಿಸುವುದು ಇನ್ನೊಂದು ತಪ್ಪು. 2008ರ ಆರ್ಥಿಕ ಕುಸಿತದ ಅನಂತರ ಅನೇಕ ಮಧ್ಯಮ ವರ್ಗದವರು ಆಲ್ಡಿ, ಲಿಡ್ಲ್‌ಗಳತ್ತ ತಿರುಗಿದರು. 2022ರಲ್ಲಿ ಆಲ್ಡಿಯು ಮಾರಿಸನ್ಸ್ ಸಂಸ್ಥೆಯನ್ನು ಹಿಂದೆ ಹಾಕಿ ಬ್ರಿಟನ್ನಿನ ನಾಲ್ಕನೆಯ ದೊಡ್ಡ ದಿನಸಿ ಸಂಸ್ಥೆಯಾಯಿತು. ಅದರ ಬಾಗಿಲಿನಲ್ಲಿ ನಿಂತು ಒಳಹೋಗುವವರ ಮನೆಯ ಬೆಲೆಯನ್ನು ಊಹಿಸಹೊರಟವನು ಸೋಲುವ ಸಂಭವವೇ ಹೆಚ್ಚು.

ಯಾವ ಅಂಗಡಿಯೂ ಬಾರದ ಕಡೆಗಳ ಮಾತು ಬೇರೆ. ಹಣ್ಣು ತರಕಾರಿಗಳು ನ್ಯಾಯವಾದ ಬೆಲೆಗೆ ದೊರೆಯದ ಬಡ ಬಡಾವಣೆಗಳನ್ನು ಬ್ರಿಟನ್ನಿನಲ್ಲಿ 1990ರ ದಶಕದಿಂದ 'ಆಹಾರದ ಮರುಭೂಮಿ' ಎನ್ನತೊಡಗಿದರು. ಲೀಡ್ಸ್ ನಗರದ ಸೀಕ್ರಾಫ್ಟ್ ಅಂತಹದೊಂದು. 2000ದಲ್ಲಿ ಅಲ್ಲಿ ಟೆಸ್ಕೊ ತೆರೆಯಿತು. ನೀಲ್ ರಿಗ್ಲಿ ಮತ್ತು ಸಂಗಡಿಗರು ತೆರೆಯುವ ಮುಂಚೆಯೂ ಆಮೇಲೂ ಜನರ ಆಹಾರವನ್ನು ವಿಚಾರಿಸಿ, ಹಿಂದೆ ತೀರ ಕಡಮೆ ಹಣ್ಣು ತರಕಾರಿ ತಿನ್ನುತ್ತಿದ್ದವರಲ್ಲಿ ಹೊಸ ಅಂಗಡಿಗೆ ಹೊರಳಿದವರು ತುಸು ಹೆಚ್ಚು ತಿನ್ನತೊಡಗಿದರೆಂದು ಕಂಡರು. ಆದರೆ ಹೋಲಿಕೆಗೆ ಅಂಗಡಿ ಬಾರದ ಬಡಾವಣೆಯೊಂದನ್ನು ಅವರು ಇಟ್ಟುಕೊಂಡಿರಲಿಲ್ಲ. ಗ್ಲಾಸ್ಗೋದ ಸ್ಪ್ರಿಂಗ್‌ಬರ್ನಿನಲ್ಲಿ ದೊಡ್ಡ ಅಂಗಡಿ ಬಂದಾಗ ಇನ್ನೊಂದು ತಂಡವು ಶೆಟಲ್‌ಸ್ಟನ್ ಎಂಬ ಬಡಾವಣೆಯನ್ನೂ ಜೊತೆಗೆ ಅಳೆಯಿತು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಆಹಾರದ ಮಟ್ಟಿಗೆ ಅಂಗಡಿಯ ಲೆಕ್ಕಕ್ಕೆ ಹಿಡಿಯಬಹುದಾದ ನಿವ್ವಳ ವ್ಯತ್ಯಾಸವು ಕಾಣಲಿಲ್ಲ. ಅಂಗಡಿ ಹತ್ತಿರ ಬಂದಿತು, ಸಂಬಳ ಹೆಚ್ಚಲಿಲ್ಲ.

ಇದನ್ನೆಲ್ಲ ಬರೆದು ಕಳುಹಿಸಿದ ಎರಡು ತಿಂಗಳಿಗೆ ನನ್ನ ವಿದ್ಯಾರ್ಥಿಯ ಪತ್ರ ಬಂದಿತು. ಆಲ್ಡಿಯ ಬಳಿಯ ಮನೆಯನ್ನೇ ಕೊಂಡನಂತೆ.