ಹಗ್ಗ ಕಟ್ಟಿ ಎಳೆದದ್ದು ಸಾಕು

ಪ್ರಶ್ನೆ: ಹ್ಯಾಂಡ್‌ಪೋಸ್ಟ್‌ನಲ್ಲಿ ನನ್ನದೊಂದು ಸಣ್ಣ ಕಾರ್ ಗ್ಯಾರೇಜ್ ಇದೆ. ಅಂತರಸಂತೆ, ಸರಗೂರು, ಬೀಚನಹಳ್ಳಿ ಕಡೆಯಿಂದ ‘ಗಾಡಿ ನಿಂತುಹೋಗಿದೆ, ಬನ್ನಿ’ ಎಂದು ಫೋನ್ ಬರುತ್ತಲೇ ಇರುತ್ತದೆ. ಹೆಚ್ಚಾಗಿ ಮಾರುತಿ 800, ಆಲ್ಟೊ, ಅಪರೂಪಕ್ಕೆ ನ್ಯಾನೊ. ಇಷ್ಟು ದಿನ ನನ್ನ ಬೊಲೆರೊಗೆ ಹಗ್ಗ ಕಟ್ಟಿ ಎಳೆದು ತರುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಹಾಗೆ ತರುವಾಗ ಹಿಂದಿನ ಕಾರು ಬಂದು ನನ್ನ ಗಾಡಿಗೇ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಹಗ್ಗ ಮುಟ್ಟಲು ನನ್ನ ಹೆಂಡತಿ ಬಿಡುತ್ತಿಲ್ಲ. ಒಂದು ಚಿಕ್ಕ ತೆರೆದ ಟ್ರೈಲರ್ ತಗೊಳ್ಳೋಣ ಅಂತ ಆಸೆ. ಪರಿಚಯದ ವೆಲ್ಡಿಂಗ್‌ನವರೊಬ್ಬರು ಅರ್ಧ ದುಡ್ಡಿಗೆ ಮಾಡಿಕೊಡ್ತೀನಿ ಅಂತಾರೆ. ಅಪ್ಪ ಮಾತ್ರ ‘ಮನೇಲಿ ಟ್ರ್ಯಾಕ್ಟರ್ ಟ್ರೈಲರ್ ಇಲ್ವಾ, ಅದರ ಮೇಲೇ ಏರಿಸು, ಮತ್ತೆ ಸಾಲ ಯಾಕೆ’ ಎಂದು ಹಟ ಹಿಡಿದಿದ್ದಾರೆ. ಇದೇ ವಿಷಯಕ್ಕೆ ಮನೆಯಲ್ಲಿ ದಿನಾ ಜಗಳ. ಯಾರ ಮಾತು ಕೇಳಲಿ, ಯಾವ ಟ್ರೈಲರ್ ತಗೊಳ್ಳಲಿ?
— ಹೆಸರು ಬೇಡ, ಹ್ಯಾಂಡ್‌ಪೋಸ್ಟ್

ಉತ್ತರ: ಮೊದಲು ಹೆಂಡತಿಯ ಮಾತು ಕೇಳಿ. ಅವರು ಹೆದರಿದ್ದರಲ್ಲಿ ಏನೂ ತಪ್ಪಿಲ್ಲ. ಎಂಜಿನ್ ಆಫ್ ಆದ ಕಾರಿನಲ್ಲಿ ಬ್ರೇಕಿಗೆ ಬೂಸ್ಟರಿನ ಬಲ ಇರುವುದಿಲ್ಲ ಎಂಬುದು ನಿಮಗೇ ಗೊತ್ತು. ಎರಡು ಮೂರು ಸಲ ಒತ್ತಿದರೆ ಪೆಡಲು ಕಲ್ಲಾಗುತ್ತದೆ. ಹಿಂದೆ ಸ್ಟಿಯರಿಂಗ್ ಹಿಡಿದು ಕೂತವನು ಬಹುಮಟ್ಟಿಗೆ ಕಾರಿನ ಮಾಲೀಕ, ಎಳೆಸಿಕೊಂಡು ಹೋಗಿ ಅವನಿಗೆ ಅಭ್ಯಾಸವಿಲ್ಲ. ನಿಮ್ಮ ಬ್ರೇಕ್ ಲೈಟು ಹತ್ತಿದ್ದು ನೋಡಿ ಅವನು ಕಾಲು ಒತ್ತುವಷ್ಟರಲ್ಲಿ ಹಗ್ಗ ಸಡಿಲವಾಗಿ ಬಂಪರಿಗೆ ಬಂಪರು ತಾಗಿರುತ್ತದೆ. ಕಾನೂನೂ ಇದನ್ನು ಹತ್ತಿರದ ಗ್ಯಾರೇಜಿಗೆ ತಲುಪಿಸುವ ತುರ್ತಿನ ಉಪಾಯ ಎಂದಷ್ಟೇ ಒಪ್ಪುತ್ತದೆ. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಗಂಟೆಗೆ 25 ಕಿಲೋಮೀಟರ್ ದಾಟಬಾರದು, ಹಿಂದಿನ ಗಾಡಿಯ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರೇ ಕೂತಿರಬೇಕು. ಅಂತರಸಂತೆಯಿಂದ ಆ ವೇಗದಲ್ಲಿ ಬಂದವರನ್ನು ನಾನಂತೂ ನೋಡಿಲ್ಲ.

ಅಪ್ಪ ಸಾಲದ ವಿಷಯದಲ್ಲಿ ಹೇಳುವುದು ಸರಿ, ಟ್ರ್ಯಾಕ್ಟರ್ ಟ್ರೈಲರಿನ ವಿಷಯದಲ್ಲಿ ಸರಿಯಲ್ಲ. ಅದರ ಹಾಸು ನೆಲದಿಂದ ಮೂರಡಿಗೂ ಎತ್ತರ. ಟಿಲ್ಲರ್ ಏರಿಸುವಾಗ ಮಾಡುವ ಹಾಗೆ ಗಾಡಿಯನ್ನು ಹಿಂದಕ್ಕೆ ಬಿಟ್ಟು ದಿಬ್ಬಕ್ಕೆ ಒರಗಿಸಿ, ಎರಡು ಹಲಗೆ ಹಾಕಿ ಕಾರು ಹತ್ತಿಸಬಹುದು ನಿಜ. ಆದರೆ ಕೆಟ್ಟು ನಿಂತ ಕಾರಿನ ಪಕ್ಕದಲ್ಲೇ ನಿಮಗೆ ಬೇಕಾದ ದಿಬ್ಬ ಸಿಗಬೇಕಲ್ಲ? ಹಲಗೆ ಜಾರಿದರೆ ಕೆಳಗೆ ನಿಂತು ತಳ್ಳುವವನ ಗತಿ ಏನು? ಅಷ್ಟು ಎತ್ತರದಲ್ಲಿ ಕಾರು ಕೂತರೆ ತಿರುವಿನಲ್ಲಿ ವಾಲುತ್ತದೆ. ಹೊಗೆಸೊಪ್ಪು, ಹತ್ತಿ, ಶುಂಠಿ ಹೊರುವ ಟ್ರೈಲರುಗಳಲ್ಲಿ ಬಹಳಷ್ಟಕ್ಕೆ ನೆಟ್ಟಗೆ ಬ್ರೇಕೇ ಇರುವುದಿಲ್ಲ. ಮೇಲಾಗಿ ಬೇಸಾಯದ ಕೆಲಸಕ್ಕೆಂದು ನೋಂದಾಯಿಸಿದ ಟ್ರೈಲರಿನಲ್ಲಿ ಬೇರೆಯವರ ಕಾರನ್ನು ಬಾಡಿಗೆಗೆ ತರುವಾಗ ಏನಾದರೂ ಆದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಈ ಕೊನೆಯ ಮಾತನ್ನು ಅಪ್ಪನಿಗೆ ಹೇಳಿ ನೋಡಿ, ಮಿಕ್ಕವಕ್ಕಿಂತ ಬೇಗ ನಾಟುತ್ತದೆ.

ಇನ್ನು ಟ್ರೈಲರ್ ಆರಿಸುವ ವಿಷಯ. ‘ಎಷ್ಟು ಭಾರ ಹೊರುತ್ತದೆ’ ಎಂದು ಮಾರುವವರನ್ನು ಕೇಳಿದರೆ ಅವರು ದೊಡ್ಡ ಸಂಖ್ಯೆಯನ್ನೇ ಹೇಳುತ್ತಾರೆ. ನೀವು ಕೇಳಬೇಕಾದದ್ದು ಹೇಗೆ ನಿಲ್ಲುತ್ತದೆ ಎಂದು. ಮಾರುತಿ 800 ಸುಮಾರು 650 ಕೆ.ಜಿ., ನ್ಯಾನೊ ಅದಕ್ಕಿಂತ ಸ್ವಲ್ಪ ಕಡಿಮೆ, ಆಲ್ಟೊ 700ರ ಆಸುಪಾಸು. ಟ್ರೈಲರಿನ ಸ್ವಂತ ತೂಕ 350 ಎಂದಿಟ್ಟುಕೊಳ್ಳಿ. ಅಂದರೆ ನಿಮ್ಮ ಬೆನ್ನ ಹಿಂದೆ ಒಂದು ಟನ್ನು. ಒಂದೂವರೆ ಟನ್ನು ದಾಟುವ, ಚಾಸಿಸ್ ಮೇಲೆ ಕೂತ ಬೊಲೆರೊಗೆ ಅದನ್ನು ಎಳೆಯುವುದು ಕಷ್ಟವಲ್ಲ, ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ಯುರೋಪಿನಲ್ಲಿ ಒಟ್ಟು ತೂಕ 750 ಕೆ.ಜಿ. ದಾಟುವ ಟ್ರೈಲರಿಗೆ ಸ್ವಂತ ಬ್ರೇಕ್ ಕಡ್ಡಾಯ. ನೀವೂ ಅದನ್ನೇ ಗೆರೆಯಾಗಿ ಇಟ್ಟುಕೊಳ್ಳಿ. ಬ್ರೇಕ್ ಇಲ್ಲದ ಟ್ರೈಲರ್ ಎಷ್ಟೇ ಅಗ್ಗವಾದರೂ ನಿಮಗೆ ಬೇಡ.

ಸಣ್ಣ ಟ್ರೈಲರುಗಳಿಗೆ ಸಾಮಾನ್ಯವಾಗಿ ಓವರ್‌ರನ್ ಬ್ರೇಕ್ ಇರುತ್ತದೆ. ಮುಂದಿನ ಗಾಡಿ ನಿಧಾನವಾದಾಗ ಟ್ರೈಲರ್ ಅದನ್ನು ತಳ್ಳುತ್ತದಲ್ಲ, ಆ ತಳ್ಳುವ ಬಲಕ್ಕೆ ಮೂತಿಯ ಕೊಳವೆ ಒಳಸರಿದು ಸಲಾಕೆಯನ್ನು ಎಳೆದು ಬ್ರೇಕ್ ಹಾಕುತ್ತದೆ. ಕರೆಂಟು, ಗಾಳಿ ಯಾವುದೂ ಬೇಡ. ರಿವರ್ಸ್ ಹೋಗುವಾಗಲೂ ಹೀಗೆಯೇ ಒತ್ತಿಕೊಂಡು ಬ್ರೇಕ್ ಹಿಡಿದುಬಿಡುವ ಹಳೇ ಮಾದರಿಗಳಿವೆ. ರಿವರ್ಸಿನಲ್ಲಿ ತಾನಾಗಿ ಬಿಡುವಂಥದ್ದೇ ಇರಲಿ. ಜೊತೆಗೆ, ಕೊಂಡಿ ಕಳಚಿದರೆ ಬ್ರೇಕ್ ಎಳೆಯುವ ಸಣ್ಣ ತಂತಿ, ಕತ್ತರಿಯಾಕಾರದಲ್ಲಿ ಹಾಕುವ ಎರಡು ಸರಪಣಿ ಇವೆಯೇ ನೋಡಿ.

ಆಮೇಲೆ ಟೈರು. ಇಲ್ಲಿ ಮೋಸ ಹೋಗುವವರು ಬಹಳ. ‘ಮಾರುತಿ ಚಕ್ರ ಹಾಕಿಕೊಡ್ತೀನಿ, ಎಲ್ಲಿ ಬೇಕಾದರೂ ಸಿಗುತ್ತೆ’ ಎಂದು ವೆಲ್ಡಿಂಗ್‌ನವರು ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಮಾರುತಿ 800ರ 145/70 ಆರ್ 12 ಟೈರಿನ ಪಕ್ಕೆಯಲ್ಲಿ 69 ಎಂಬ ಅಂಕಿ ಇರುತ್ತದೆ. ಒಂದು ಟೈರು 325 ಕೆ.ಜಿ. ಹೊರಬಲ್ಲದು ಎಂದು ಅದರರ್ಥ. ಎರಡು ಸೇರಿ 650. ನಿಮ್ಮ ಒಂಟಿ ಆಕ್ಸಲ್ ಮೇಲೆ ಬೀಳುವುದು 900 ಕೆ.ಜಿ.ಗೂ ಹೆಚ್ಚು. ಮೇ ತಿಂಗಳ ಬಿಸಿಲಲ್ಲಿ ಅದು ಎಲ್ಲಿ ಸಿಡಿಯುತ್ತದೋ ಹೇಳಲಾಗದು. ಟಾಟಾ ಏಸ್‌ಗೆ ಹಾಕುವ 145 ಆರ್ 12 ಎಲ್‌ಟಿ, 8 ಪ್ಲೈ ಟೈರಿನ ಮೇಲೆ 86 ಎಂದಿದ್ದರೆ ಒಂದೊಂದೂ 530 ಕೆ.ಜಿ. ತಡೆಯುತ್ತದೆ. ಅದೂ ಎಚ್.ಡಿ. ಕೋಟೆಯ ಟೈರ್ ಅಂಗಡಿಗಳಲ್ಲಿ ಸಿಗುವ ಮಾಲೇ. ಒಂದು ಸ್ಟೆಪ್ನಿ ಟ್ರೈಲರಿನಲ್ಲೇ ಇರಲಿ.

ಒಂಟಿ ಆಕ್ಸಲ್ಲೋ ಜೋಡಿಯೋ? ನೀವು ಹೇಳಿದ ಮೂರು ಕಾರುಗಳಷ್ಟೇ ಆದರೆ ಒಂಟಿ ಸಾಕು. ಹಗುರ, ಗ್ಯಾರೇಜಿನ ಅಂಗಳದಲ್ಲಿ ಒಬ್ಬನೇ ಕೈಯಲ್ಲಿ ತಿರುಗಿಸಬಹುದು. ಮುಂದೆ ಸ್ವಿಫ್ಟ್, ಡಿಸೈರ್ ತರುವ ಆಲೋಚನೆ ಇದ್ದರೆ ಈಗಲೇ ಜೋಡಿ ಆಕ್ಸಲ್ ತೆಗೆದುಕೊಳ್ಳಿ, ತೂಕ 1300 ದಾಟುತ್ತದೆ. ಒಂಟಿಯನ್ನು ಕೊಂಡು ‘ಇದೊಂದು ಸಲ’ ಎಂದು ಸ್ವಿಫ್ಟ್ ಏರಿಸುವ ದಿನ ಬಂದೇ ಬರುತ್ತದೆ, ಗಿರಾಕಿ ಪರಿಚಯದವರೂ ಆಗಿರುತ್ತಾರೆ.

ಹಾಸು ಪೂರ್ತಿ ತಗಡಿನದು ಬೇಡ. ಚಕ್ರ ಹರಿಯುವ ಎರಡು ಪಟ್ಟಿ ಸಾಕು. ತೂಕ ಉಳಿಯುತ್ತದೆ, ಕೆಸರು ಕೆಳಗೆ ಉದುರುತ್ತದೆ, ಕಟ್ಟಲು ಕೈ ಹೋಗುತ್ತದೆ. ಮಾರುತಿ 800ರ ಮುಂದಿನ ಹಿಂದಿನ ಚಕ್ರಗಳ ಅಂತರ 2175 ಮಿ.ಮೀ., ಆಲ್ಟೊದ್ದು 2360. ಮೂರು ಮೀಟರಿನ ಪಟ್ಟಿಯಲ್ಲಿ ಎರಡೂ ನೆಮ್ಮದಿಯಾಗಿ ನಿಲ್ಲುತ್ತವೆ. ಅಳತೆ ಹಿಡಿಯುವಾಗ ಎಲ್ಲರೂ ಮರೆಯುವುದು ಟ್ರೈಲರಿನ ಮಡ್‌ಗಾರ್ಡನ್ನು. ಅದು ಎತ್ತರವಿದ್ದರೆ ಮೇಲೆ ಹತ್ತಿದ ಮೇಲೆ ಕಾರಿನ ಬಾಗಿಲು ತೆರೆಯುವುದಿಲ್ಲ, ಕಿಟಕಿಯಲ್ಲಿ ತೂರಿ ಇಳಿಯಬೇಕು. ಒಂದು ಕೈವಿಂಚ್ ಇದ್ದರೆ ಕಾರಿನೊಳಗೆ ಯಾರೂ ಕೂರಬೇಕಿಲ್ಲ. ಹೇಗೂ ನಿಮ್ಮ ಗಿರಾಕಿಗಳ ಕಾರು ಸ್ಟಾರ್ಟ್ ಆಗುವುದಿಲ್ಲವಲ್ಲ! ಹಿಂದಕ್ಕೆ ವಾಲುವ ಹಾಸಾದರೆ ಬೇರೆ ಏಣಿಹಲಗೆಯ ಗೊಡವೆಯೂ ತಪ್ಪುತ್ತದೆ. ಹಲಗೆಯೇ ಆದರೆ ಎರಡು ಮೀಟರಿಗಿಂತ ಗಿಡ್ಡದು ಬೇಡ, ಮಾರುತಿಯ ಹೊಟ್ಟೆ ಉಜ್ಜುತ್ತದೆ.

ಕಾರನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಎತ್ತಿನ ಗಾಡಿ ತುಂಬಿದವರಿಗೆ ಪಾಠ ಬೇಡ. ಹಿಂದೆ ಭಾರವಾದರೆ ಮೂಕಿ ಮೇಲೇಳುತ್ತದೆ, ಮುಂದೆ ಭಾರವಾದರೆ ಎತ್ತಿನ ಹೆಗಲು ಕೊರೆಯುತ್ತದೆ. ಟ್ರೈಲರಿನಲ್ಲೂ ಅಷ್ಟೇ, ಒಟ್ಟು ತೂಕದ ನೂರಕ್ಕೆ 7ರಿಂದ 10 ಭಾಗ ಮೂತಿಯ ಮೇಲೆ ಇರಬೇಕು. ನಿಮ್ಮ ಲೆಕ್ಕದಲ್ಲಿ 70ರಿಂದ 100 ಕೆ.ಜಿ. ಅದಕ್ಕಿಂತ ಕಡಿಮೆಯಾದರೆ ಐವತ್ತು ಅರವತ್ತರ ವೇಗದಲ್ಲಿ ಟ್ರೈಲರ್ ಬಾಲ ಬೀಸಲು ಶುರು ಮಾಡುತ್ತದೆ. ಒಮ್ಮೆ ಬೀಸತೊಡಗಿದರೆ ಸ್ಟಿಯರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ, ಆಕ್ಸಲರೇಟರ್ ಬಿಟ್ಟು ನೆಟ್ಟಗೆ ಹಿಡಿಯಿರಿ. ತೂಗುವುದು ಸುಲಭ. ಹೊಗೆಸೊಪ್ಪಿನ ಬೇಲು ತೂಗುವ ಪ್ಲಾಟ್‌ಫಾರಂ ತಕ್ಕಡಿ ನಿಮ್ಮ ಕಡೆ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಸಮತಟ್ಟು ನೆಲದಲ್ಲಿ ಕಾರು ಏರಿಸಿ, ತಕ್ಕಡಿಯ ಮೇಲೆ ಬೊಲೆರೊ ಹಿಚ್ಚಿನ ಎತ್ತರಕ್ಕೆ ಬರುವ ಹಾಗೆ ಮರದ ತುಂಡಿಟ್ಟು ಅದರ ಮೇಲೆ ಮೂತಿ ಇಳಿಸಿ. ಸಾಲದಿದ್ದರೆ ಕಾರನ್ನು ಮುಂದಕ್ಕೆ ಎಳೆಯಿರಿ. ಹತ್ತು ಸೆಂಟಿಮೀಟರ್ ಸರಿಸಿದರೆ ಮೂತಿಯಲ್ಲಿ ಇಪ್ಪತ್ತು ಕೆ.ಜಿ. ಹೆಚ್ಚುಕಡಿಮೆ ಆಗುತ್ತದೆ. ಸರಿಯಾದ ಜಾಗ ಸಿಕ್ಕಮೇಲೆ ಪಟ್ಟಿಯ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಮಾರುತಿಗೊಂದು, ಆಲ್ಟೊಗೊಂದು. ನ್ಯಾನೊ ಎಂಜಿನ್ ಹಿಂದಿರುವ ಕಾರು, ಅದನ್ನು ಹಿಮ್ಮುಖವಾಗಿ ಏರಿಸಿ.

ಕಟ್ಟುವುದು ಚಕ್ರಗಳಿಗೆ, ರ‍್ಯಾಚೆಟ್ ಬೆಲ್ಟಿನಲ್ಲಿ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ. ನಾಲ್ಕೈದು ಕಿಲೋಮೀಟರ್ ಬಂದ ಮೇಲೆ ಒಮ್ಮೆ ಇಳಿದು ಮತ್ತೆ ಬಿಗಿಮಾಡಿ.

ಕಾಗದದ ವಿಷಯಕ್ಕೆ ಬಂದರೆ, ಟ್ರೈಲರ್ ಎಂದರೆ ಕಾನೂನಿನ ಕಣ್ಣಲ್ಲಿ ಸ್ವಂತ ನಂಬರ್ ಬೇಕಾದ ಗಾಡಿ. 1988ರ ಮೋಟಾರು ವಾಹನ ಕಾಯ್ದೆ ಹೀಗೇ ಹೇಳುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲಕ್ಕೂ ಹುಣಸೂರಿನ ಕೆಎ-45 ಕಚೇರಿಯೇ. ಅರ್ಧ ದುಡ್ಡಿನ ವೆಲ್ಡಿಂಗ್ ಟ್ರೈಲರಿಗೆ ಮುಂಗಡ ಕೊಡುವ ಮೊದಲು ಅಲ್ಲಿಗೆ ಒಂದು ಬೆಳಗ್ಗೆ ಹೋಗಿ ಬನ್ನಿ. ಚಾಸಿಸ್ ನಂಬರ್, ಮಾರಾಟಪತ್ರವಾದ ಫಾರಂ 21, ರಸ್ತೆಯೋಗ್ಯತೆಯ ಫಾರಂ 22, ಇವನ್ನು ಆ ವೆಲ್ಡಿಂಗ್‌ನವರು ಕೊಡಬಲ್ಲರೇ ಎಂದು ಕೇಳಿ. ಕೊಡಲಾಗದಿದ್ದರೆ ಅವರ ಅರ್ಧ ದುಡ್ಡೂ ದುಬಾರಿಯೇ. ಬೊಲೆರೊಗೆ ಹಿಚ್ ಹಾಕಿಸುವಾಗ ಅದು ಚಾಸಿಸ್ ಪಟ್ಟಿಗಳಿಗೆ ಬೋಲ್ಟ್ ಆಗಬೇಕು, ಬಂಪರಿಗಲ್ಲ. ಎಷ್ಟು ಎಳೆಯಬಹುದೆಂಬುದನ್ನು ಕಂಪನಿಯ ಸರ್ವಿಸ್‌ನವರಿಂದ ಬರಹದಲ್ಲೇ ತೆಗೆದುಕೊಳ್ಳಿ.

ಲೈಸೆನ್ಸಿನ ಬಗ್ಗೆ ನೀವು ಕೇಳಿಲ್ಲ, ಮುಂದೆ ಯಾರಾದರೂ ಹೆದರಿಸುತ್ತಾರೆ. ಟ್ರೈಲರ್ ತಗುಲಿಸಿದ ಮಾತ್ರಕ್ಕೆ ಎಳೆಯುವ ಗಾಡಿಯ ಲೈಸೆನ್ಸ್ ಅನೂರ್ಜಿತವಾಗುವುದಿಲ್ಲ ಎಂದು 2001ರಲ್ಲಿ ಒಂದು ಟ್ರ್ಯಾಕ್ಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 7500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಎಲ್‌ಎಂವಿ ಲೈಸೆನ್ಸಿನಲ್ಲಿ ಓಡಿಸಬಹುದು ಎಂದು 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಹೇಳಿತು. ನಿಜವಾದ ತೊಡಕು ನಂಬರ್ ಪ್ಲೇಟಿನದು. ಬೊಲೆರೊ ಬಿಳಿ ಬೋರ್ಡಿನದಾಗಿದ್ದು ನೀವು ಎಳೆದದ್ದಕ್ಕೆ ದುಡ್ಡು ತೆಗೆದುಕೊಂಡರೆ ಅದು ಬಾಡಿಗೆಯೇ. ದಂಧೆಯಾಗಿ ಮಾಡುವುದಾದರೆ ಹಳದಿ ಬೋರ್ಡು, ಅದಕ್ಕೆ ತಕ್ಕ ವಿಮೆ ಎರಡೂ ಬೇಕು. ಆ ಖರ್ಚು ಸೇರಿಸಿದ ಮೇಲೆ ಸಾಲದ ಲೆಕ್ಕ ಹಾಕಿ.

ಅದಕ್ಕೇ ಅಪ್ಪ ಸಾಲದ ವಿಷಯದಲ್ಲಿ ಸರಿ ಎಂದದ್ದು. ಈಗಿನಿಂದ ಯುಗಾದಿಯವರೆಗೆ ಬರುವ ಪ್ರತಿ ಫೋನನ್ನೂ ಪುಸ್ತಕದಲ್ಲಿ ಬರೆದಿಡಿ. ಎಲ್ಲಿಂದ, ಯಾವ ಕಾರು, ಅಲ್ಲೇ ರಿಪೇರಿ ಆಯಿತೋ ತರಲೇಬೇಕಾಯಿತೋ, ಎಲ್ಲವೂ ಇರಲಿ. ಬಹಳಷ್ಟು ಕಾರು ಬ್ಯಾಟರಿ, ಕ್ಲಚ್ ವೈರ್, ಪೆಟ್ರೋಲ್ ಪಂಪಿನ ಕೆಲಸಕ್ಕೆ ನಿಂತಲ್ಲೇ ಓಡತೊಡಗುತ್ತವೆ ಎಂದು ನನ್ನ ಅನುಮಾನ. ತರಲೇಬೇಕಾದವು ತೀರಾ ಕಡಿಮೆ ಇದ್ದರೆ ಮೈಸೂರಿನಿಂದ ಟೋಯಿಂಗ್ ಗಾಡಿ ಕರೆಸಿ ಕಮಿಷನ್ ಇಟ್ಟುಕೊಳ್ಳುವುದೇ ಲಾಭ. ಸಾಕಷ್ಟು ಇದ್ದರೆ ಆ ಪುಸ್ತಕವನ್ನೇ ಅಪ್ಪನ ಮುಂದಿಡಿ.

ಬಾವಲಿ ಕಡೆಯ ಫೋನ್ ಬಂದರೆ ಮಾತ್ರ ಬೇರೆ ನಿಯಮ. ಸಂಜೆ 6ಕ್ಕೆ ಕಾಡಿನ ರಸ್ತೆ ಮುಚ್ಚುತ್ತದೆ, ಮತ್ತೆ ತೆರೆಯುವುದು ಬೆಳಗ್ಗೆ 6ಕ್ಕೆ. ಮಧ್ಯಾಹ್ನ ಮೂರಾದ ಮೇಲೆ ಟ್ರೈಲರ್ ಹಾಕಿಕೊಂಡು ಆ ಕಡೆ ಹೊರಡಬೇಡಿ. ಎದುರಿಗೆ ಆನೆ ನಿಂತರೆ ಬರೀ ಬೊಲೆರೊವನ್ನು ಹಿಂದಕ್ಕೆ ತೆಗೆಯಬಹುದು, ಟ್ರೈಲರ್ ಇದ್ದಾಗ ಆ ಗಾಬರಿಯಲ್ಲಿ ಗಾಡಿ ಅಡ್ಡ ಮಡಚಿ ನಿಲ್ಲುತ್ತದೆ. ರಸ್ತೆಯ ಉಬ್ಬುಗಳ ಮೇಲೂ ನಿಧಾನವಿರಲಿ, ತಗ್ಗಿನ ಮೂತಿ ಮೊದಲು ತಾಗುವುದು ಅಲ್ಲೇ.

ರಿವರ್ಸನ್ನು ಖಾಲಿ ಮೈದಾನದಲ್ಲಿ ಕಲಿತೇ ರಸ್ತೆಗಿಳಿಯಿರಿ. ಸ್ಟಿಯರಿಂಗಿನ ಕೆಳತುದಿ ಹಿಡಿದರೆ ಕೈ ಹೋದ ಕಡೆಗೇ ಟ್ರೈಲರ್ ಹೋಗುತ್ತದೆ. ಚಿಕ್ಕ ಟ್ರೈಲರ್ ಉದ್ದದ್ದಕ್ಕಿಂತ ಬೇಗ ಮಡಚುತ್ತದೆ, ಹಾಗಾಗಿ ತಿರುಗಿಸುವುದು ಸ್ವಲ್ಪವೇ ಇರಲಿ. ಟ್ರ್ಯಾಕ್ಟರ್ ಟ್ರೈಲರನ್ನು ಬದುವಿನ ಸಂದಿಯಲ್ಲಿ ಹಿಂದಕ್ಕೆ ಬಿಟ್ಟು ಅಭ್ಯಾಸವಿರುವ ಅಪ್ಪನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ.